ಕಂಬದ ಹಿಂದ ನಿಂದರೂದಿಲ್ಲ

ಝುವಾರಿನಗರ, ಗೋವಾ
3 ಮಾರ್ಚ್ 2025

ಪ್ರತಿಮಾ ಮೇಡಮ್ ಅವರಿಗೆ ಬಾಳಮ್ಮನ ನಮಸ್ಕಾರ.

ನಾ ಯಾರಂತ ನೆನಪಿಲ್ಲದಿದ್ರ ಹೇಳತೇನಿ. ಹೋದ ವಾರ ಕಲಂಗುಟ್‌ದಾಗ ನಿಮ್ಮ ಸೀರಿಯಲ್ಲಿನ ಲಗ್ನದ ಶೂಟಿಂಗ್ ಆತಲ್ಲ, ಆ ರೆಸಾರ್ಟಿನ ಬಾಗಲದಾಗ ಆರತಿ ತಾಟು ಹಿಡಕೊಂಡು ನಿಂತಿದ್ದ ಹೆಂಗಸರಾಗ ನಡುವ ನಿಂತಾಕಿ ನಾನು. ಆಮ್ಯಾಲ ತಾಟು ಕಸಗೊಂಡು ಹೊರಗ ಕಳಿಸಿದ್ರಲ್ಲ, ಆಕಿ.

ನೀವು ಅವತ್ತ ಕೊಟ್ಟ ಕಾರ್ಡಿನ ಮ್ಯಾಲಿದ್ದ ನಂಬರಿಗೆ ಫೋನ್ ಮಾಡಿದೆ. ಯಾರೋ ಹುಡುಗಿ ಎತ್ತಿ "ಮೇಡಮ್ ಮೀಟಿಂಗ್‌ನಲ್ಲಿದ್ದಾರೆ" ಅಂದಳು. ಮತ್ತ ಮಾಡಿದೆ, ಮತ್ತ ಅದ ಮೀಟಿಂಗ್. ಅದಕ್ಕ ಪತ್ರ ಬರಿಯಾಕತ್ತೇನಿ. ನಾ ಏಳನೇತ್ತೆ ತನಕ ಸಾಲಿ ಕಲ್ತಾಕಿ. ಮೊಬೈಲ್ ಬರೂಕಿಂತ ಮೊದಲ ನಮ್ಮ ಓಣಿ ಮಂದಿ ಊರಿಗೆ ಕಳಸೂ ಪತ್ರ ಎಲ್ಲಾ ನಾನ ಬರದು ಕೊಡತಿದ್ದೆ. ಕೈಗೆ ರೂಢಿ ಐತಿ.

ಅವತ್ತ ಶೂಟಿಂಗಿಗೆ ಮಂದಿ ಕರಕೊಂಡು ಹೋಗೂ ಇಲಿಯಾಸನ ಟೆಂಪೋದಾಗ ನಾವು ನಮ್ಮ ಓಣಿ ಹೆಂಗಸರು ಕೂಡಿ ಬಂದಿವಿ. ರೇಷ್ಮಿ ಸೀರಿ ಉಟಗೊಂಡು ಬರ್ರಿ, ಲಗ್ನಕ್ಕ ಬಂದ ಮಂದಿ ಹಂಗ ಕುಂಡ್ರೂದಷ್ಟ ಅಂದಿದ್ದ. ನಿಮ್ಮ ಡೈರೆಕ್ಟರ್ ನನ್ನ ಮಾರಿ ನೋಡಿ "ಇವರನ್ನ ಮುಂದೆ ನಿಲ್ಲಿಸಿ" ಅಂದ್ರು. ನಾ ಕೇಳಿದ್ದಿಲ್ಲ. ಮೇಕಪ್ ಮಾಡೂ ಹುಡುಗಿ ಬಂದು ಹಣಿಗೆ ದೊಡ್ಡ ಕುಂಕಮ ಹಚ್ಚಿದಳು, ಎರಡೂ ಕೈತುಂಬ ಹಸರ ಬಳಿ ಹಾಕಿದಳು. ನಾ ಬ್ಯಾಡ ಅನ್ನಲಿಲ್ಲ. ಯಾಕ ಅನಬೇಕು? ನಾಟಕದಾಗ ರಾಜಾನ ಪಾರ್ಟು ಮಾಡಾಂವಗ ನಿನಗ ರಾಜ್ಯ ಐತೇನು ಅಂತ ಯಾರೂ ಕೇಳೂದಿಲ್ಲ.

ನೀವು ಆಗ ನನ್ನ ಬಾಜೂಕ ಬಂದು ಕುಂತು ಚಹಾ ಕುಡದ್ರಿ. "ನಾನೂ ಧಾರವಾಡದಾಕಿರಿ, ನಿಮ್ಮ ಮಾತು ಕೇಳಿ ಭಾಳ ದಿನ ಆಗಿತ್ತು" ಅಂದ್ರಿ. ಈ ಸೀರಿಯಲ್ಲಿನ ಮಾತು ಬರಿಯಾಕಿ ನಾನು ಅಂದ್ರಿ. ನನಗ ಎಷ್ಟು ಖುಷಿ ಆತು. ಹೀರೋಯಿನ್ ಮಂದಾಕಿನಿ ಕಥಿಯೊಳಗ ಸಣ್ಣ ಹುಡುಗಿ ಇದ್ದಾಗಿಂದ ನಾ ನಿಮ್ಮ ಸೀರಿಯಲ್ ನೋಡಾಕಿ. ಗಂಡ ಇಲ್ಲದ ಆಕಿ ತಾಯಿ ಸರಸ್ವತಮ್ಮ ಹೊಲಿಗಿ ಮಶೀನ್ ತುಳದು ಮಗಳನ್ನ ಬೆಳಸಿದ್ದು ನೋಡಿ, ಇದು ನನ್ನ ಕಥಿನ ಐತಲ್ಲ ಅನ್ನಕೊಂತ ಕುಂಡ್ರತಿದ್ದೆ. ನನ್ನ ಗಂಡ ದೇವಪ್ಪ ಬಂದರದಾಗ ದುಡೀತಿದ್ದ. ಕಾಮಣಿ ಬ್ಯಾನಿ ಆಗಿ ತೀರಿಕೊಂಡಾಗ ನನ್ನ ಮಗಳು ಶೈಲಾ ಇನ್ನೂ ಸಾಲಿಗೆ ಹೋಗತಿದ್ದಳು. ಹಾಸ್ಟೆಲ್ ಮೆಸ್ಸಿನ್ಯಾಗ ಚಪಾತಿ ಲಟ್ಟಿಸಿ ಆಕಿನ್ನ ಬೆಳಸೇನಿ.

ಆಮ್ಯಾಲ ಏನಾತು? ನಮ್ಮ ಓಣಿಯಾಕಿ ಒಬ್ಬಾಕಿ ನಕ್ಕೋತ "ಬಾಳಮ್ಮಗ ಮತ್ತ ಲಗ್ನ ಆದಂಗ ಆತ ನೋಡ್ರಿ" ಅಂದಳು. ನಿಮ್ಮ ಮ್ಯಾನೇಜರ್ ಕುಬೇರ ಅದನ್ನ ಕೇಳಿಸಿಕೊಂಡ. ಎಲ್ಲಾರ ಮುಂದ ನಿಂತು "ಏನಮ್ಮ, ನಿಮಗೆ ಗಂಡ ಇಲ್ವಾ? ಮೊದಲೇ ಹೇಳೋದಲ್ವಾ" ಅಂದ. ಹೀರೋಯಿನ್ನಿಗೆ ಮುಂದಿನ ತಿಂಗಳ ಖರೇ ಲಗ್ನ ಐತಂತ, ಆಕಿ ತಾಯಿ ಅಲ್ಲೇ ಕುಂತಾಳಂತ, ಗೊತ್ತಾದ್ರ ರಂಪ ಆಗತೈತಂತ. ನನ್ನ ಕೈಯ್ಯಾಗಿನ ತಾಟು ಕಸಗೊಂಡ. ಮೇಕಪ್ ಹುಡುಗಿ ಹಸಿ ಕಾಗದ ತಗೊಂಡು ಬಂದು ನನ್ನ ಹಣಿ ಒರಸಿದಳು.

ಮೇಡಮ್, ನನ್ನ ಗಂಡ ಸತ್ತಾಗ ನಮ್ಮ ಮಂದಿ ಒಮ್ಮೆ ನನ್ನ ಕುಂಕಮ ಅಳಿಸಿದ್ರು. ಎರಡನೇ ಸಲ ನೀವು ಅಳಿಸಿದ್ರಿ. ಅವರು ಅಳಿಸೂ ಮುಂದ ಅಳಾಕತ್ತಿದ್ರು. ನೀವು ಮಂದಿ ಯಾರೂ ಅಳಲಿಲ್ಲ.

ನನಗ ಗೊತ್ತಾಗಬೇಕು, ಇದು ಯಾರ ಮಾತಿಗೆ ಆತು?

ಬಾಳಮ್ಮ

•

ಬೆಂಗಳೂರು
11 ಮಾರ್ಚ್ 2025

ಪ್ರಿಯ ಬಾಳಮ್ಮನವರೇ,

ನಿಮ್ಮ ಪತ್ರ ಓದಿ ತುಂಬಾ ನೋವಾಯಿತು. ಅಂದು ಚಿತ್ರೀಕರಣದ ಗಡಿಬಿಡಿಯಲ್ಲಿ ನಿಮಗೆ ಅಗೌರವವಾಗಿದ್ದರೆ ನಮ್ಮ ಇಡೀ ತಂಡದ ಪರವಾಗಿ ಕ್ಷಮೆ ಕೇಳುತ್ತೇನೆ. ನಾನು ಆ ಹೊತ್ತಿಗೆ ವ್ಯಾನಿನೊಳಗೆ ಮುಂದಿನ ದೃಶ್ಯದ ಮಾತುಗಳನ್ನು ತಿದ್ದುತ್ತಿದ್ದೆ. ವಿಷಯ ಆಮೇಲೆ ತಿಳಿಯಿತು. ಕುಬೇರ ಕೆಟ್ಟವರಲ್ಲ, ಅವರ ಮೇಲೂ ಒತ್ತಡ ಇರುತ್ತದೆ.

ಇಂಥ ನಂಬಿಕೆಗಳನ್ನು ನಾನು ಒಪ್ಪುವುದಿಲ್ಲ ಎಂದು ನಿಮಗೆ ಹೇಳಬೇಕಾಗಿಲ್ಲ. ಸರಸ್ವತಮ್ಮನ ಪಾತ್ರವನ್ನು ಇಷ್ಟು ವರ್ಷ ಅಷ್ಟು ಗಟ್ಟಿಯಾಗಿ ಬರೆದವಳು ನಾನೇ ಅಲ್ಲವೇ.

ನಮ್ಮ ತಂಡ ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಗೋವಾಕ್ಕೆ ಬರಬಹುದು. ಆಗ ನಿಮಗೆ ಒಂದೆರಡು ಮಾತಿರುವ ಪಾತ್ರ ಕೊಡಿಸಲು ಖಂಡಿತ ಪ್ರಯತ್ನಿಸುತ್ತೇನೆ. ನಿಮ್ಮ ಮುಖದಲ್ಲಿ ಒಂದು ಘನತೆ ಇದೆ, ನಿರ್ದೇಶಕರೂ ಅದನ್ನೇ ಹೇಳಿದರು.

ಶೈಲಾಳಿಗೆ ನನ್ನ ಹಾರೈಕೆ ತಿಳಿಸಿ.

ವಿಶ್ವಾಸದಿಂದ,
ಪ್ರತಿಮಾ

•

ಝುವಾರಿನಗರ
16 ಮಾರ್ಚ್ 2025

ಪ್ರತಿಮಾ ಮೇಡಮ್ ಅವರಿಗೆ,

ಚಹಾ ಕುಡಿಯೂ ಮುಂದ ನಮ್ಮಂಗ ಮಾತಾಡಿದ್ರಿ. ಪತ್ರದಾಗ ಆಫೀಸಿನವರಂಗ ಬರದೀರಿ.

ನನಗ ಪಾತ್ರ ಬ್ಯಾಡ. ನಾ ಅದನ್ನ ಕೇಳೇ ಇಲ್ಲ. ಯಾರ ಮಾತಿಗೆ ಆತು ಅಂತ ಕೇಳಿದೆ, ನೀವು ಘನತೆ ಅಂತ ಬರದ್ರಿ. ಮತ್ತ ನೀವು ವ್ಯಾನಿನ್ಯಾಗ ಇದ್ದಿದ್ದಿಲ್ಲ. ನನ್ನ ಹಣಿ ಒರಸೂ ಮುಂದ ನೀವು ಆ ದೊಡ್ಡ ಛತ್ರಿ ಕೆಳಗ ಖುರ್ಚಿ ಮ್ಯಾಲ ಕುಂತಿದ್ರಿ. ನಾ ನಿಮ್ಮನ್ನ ನೋಡಿದೆ. ನೀವೂ ನೋಡಿದ್ರಿ, ನೋಡಿ ಕೈಯ್ಯಾಗಿನ ಕಾಗದದ ಕಡೆ ಮಾರಿ ತಿರಿವಿದ್ರಿ. ನಿಮ್ಮ ಮ್ಯಾಲ ಸಿಟ್ಟು ಅದಕ್ಕ. ಕುಬೇರನ್ನ ನಾ ಬಲ್ಲೆನೇನು? ಅವ ಯಾರೋ. ನೀವು ನನ್ನ ಜೋಡಿ ಕುಂತು ಚಹಾ ಕುಡದಾಕಿ.

ಇರಲಿ. ಈಗ ಬರಿಯಾಕ ಕಾರಣ ಬ್ಯಾರೆ ಐತಿ.

ನನ್ನ ಮಗಳು ಶೈಲಾನ ಲಗ್ನ ಬಸವ ಜಯಂತಿ ದಿನ ಇಟ್ಟೇವಿ. ವರ ಮಾಂತೇಶ, ಕಲಂಗುಟ್‌ದಾಗ ಒಂದು ಹೋಟೆಲಿನ ವೈರಿಂಗ್ ಕೆಲಸ ನೋಡ್ಕೋತಾನ. ಒಳ್ಳೆ ಹುಡುಗ. ತಾಯಿ ಇಲ್ಲ, ಪರ್ವರಿಯೊಳಗ ಇರೂ ಅವನ ದೊಡ್ಡವ್ವ ಮುರುಗೆವ್ವ ಬೆಳಸ್ಯಾಳ. ಮಾತುಕತಿ ಆದ ದಿನ ಆಕಿ ಏನೂ ತಕರಾರು ತಗದಿದ್ದಿಲ್ಲ. ಹಡದ ತಾಯಿ ನೀವ ಅದೀರಿ, ಎಲ್ಲಾ ನಿಮ್ಮ ಕೈಲೆ ಆಗಲಿ ಅಂದಿದ್ದಳು.

ಈಗ ಶೂಟಿಂಗಿನ ಸುದ್ದಿ ಪರ್ವರಿ ತನಕ ಹೋಗೈತಿ. ಮೊನ್ನೆ ಮುರುಗೆವ್ವ ಬಂದಿದ್ದಳು. "ಬಾಳಮ್ಮ, ಸಿಟ್ಟಾಗಬ್ಯಾಡ್ರಿ. ಬೆಂಗಳೂರಿಂದ ಬಂದ ಕಲತ ಮಂದಿ, ಸುಳ್ಳು ಲಗ್ನಕ್ಕೂ ಶಾಸ್ತ್ರ ನೋಡತಾರ ಅಂದ್ರ, ಖರೇ ಲಗ್ನಕ್ಕ ನಾವು ನೋಡಬ್ಯಾಡೇನು? ನಿಮ್ಮ ತಮ್ಮನ ಹೆಂಡ್ತಿ ಆರತಿ ಮಾಡಲಿ. ನೀವು ಹಿಂದ ಇರ್ರಿ, ಅಡಿಗಿ ಕಡೆ ನೋಡ್ಕೊರ್ರಿ" ಅಂದಳು.

ನೋಡ್ರಿ, ನಿಮ್ಮ ಗಡಿಬಿಡಿ ಎಲ್ಲಿಗೆ ಬಂದು ಮುಟ್ಟಿತು.

ಮುರುಗೆವ್ವ ನಿಮ್ಮ ಸೀರಿಯಲ್ ಒಂದಿನ ತಪ್ಪಸೂದಿಲ್ಲ. ಸರಸ್ವತಮ್ಮ ಹೇಳಿದ್ದು ಆಕಿಗೆ ವೇದ. ಕಲಂಗುಟ್‌ದಾಗ ನೀವು ತಗದಿದ್ದು ವರ ಬರೂದು ಅಷ್ಟ, ಧಾರಿ ಬೆಂಗಳೂರಾಗ ತಗೀತೇವಿ ಅಂತ ಅವತ್ತ ಹೇಳಿದ್ರಿ. ಹಂಗಾದ್ರ ಇನ್ನೂ ವ್ಯಾಳ್ಯಾ ಐತಿ. ಮಂದಾಕಿನಿ ಲಗ್ನದಾಗ ಸರಸ್ವತಮ್ಮನ ಕೈಲೆ ಆರತಿ ಮಾಡಸ್ರಿ. ಆಕಿನೂ ಗಂಡ ಸತ್ತಾಕಿನ. ಆಕಿ ಟಿವಿಯೊಳಗ ಮಾಡಿದ್ರ ಇಲ್ಲಿ ಯಾರೂ ಬಾಯಿ ತಗಿಯೂದಿಲ್ಲ. ಇದೊಂದು ಮಾಡ್ರಿ, ನಾ ಹಿಂದಿಂದು ಕೇಳೂದಿಲ್ಲ.

ಬಾಳಮ್ಮ

•

ಬೆಂಗಳೂರು
24 ಮಾರ್ಚ್ 2025

ಬಾಳಮ್ಮನವರೇ,

ನಿಮ್ಮ ಪತ್ರವನ್ನು ಹಿಡಿದುಕೊಂಡು ನಾನು ಸುಮ್ಮನೆ ಕೂರಲಿಲ್ಲ. ಅಂದೇ ಆ ದೃಶ್ಯ ಬರೆದೆ.

ಹೀಗಿದೆ: ಧಾರೆಗೆ ಮುಂಚೆ ಗಂಡಿನ ಕಡೆಯ ಹಿರಿಯಳೊಬ್ಬಳು ಸರಸ್ವತಮ್ಮನನ್ನು ತಡೆಯುತ್ತಾಳೆ. ಮಂದಾಕಿನಿ ಹಸೆಮಣೆಯಿಂದ ಎದ್ದು ಬಂದು ತಾಯಿಯ ಕೈಗೆ ಆರತಿ ತಟ್ಟೆ ಕೊಡುತ್ತಾಳೆ. "ನನ್ನನ್ನು ಬೆಳೆಸಿದ ಕೈ ಅಶುಭ ಆಗುವುದಾದರೆ ನಾನೂ ಅಶುಭ" ಅನ್ನುತ್ತಾಳೆ. ನಿರ್ದೇಶಕರು ಓದಿ ಒಪ್ಪಿದ್ದಾರೆ. ಸರಸ್ವತಮ್ಮನ ಪಾತ್ರ ಮಾಡುವ ಹಿರಿಯ ಕಲಾವಿದೆಗೆ ಫೋನಿನಲ್ಲಿ ಓದಿ ಹೇಳಿದಾಗ ಅವರು ಇನ್ನೊಮ್ಮೆ ಓದಿಸಿಕೊಂಡರು. ವಾಹಿನಿಯವರ ಒಪ್ಪಿಗೆ ಒಂದು ಬಾಕಿ, ಅದು ಸಾಮಾನ್ಯವಾಗಿ ಬಂದೇ ಬರುತ್ತದೆ.

ಏಪ್ರಿಲ್ ಎರಡನೇ ವಾರ ಪ್ರಸಾರ. ಆ ಮುರುಗೆವ್ವನವರನ್ನು ನಿಮ್ಮ ಮನೆಗೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.

ಒಂದು ಮಾತು. ಇದರ ಬಗ್ಗೆ ಶೈಲಾ ಏನನ್ನುತ್ತಾಳೆ? ನಿಮ್ಮ ಪತ್ರದಲ್ಲಿ ಅವಳ ಮಾತೇ ಬರಲಿಲ್ಲ. ನನ್ನ ಮಂದಾಕಿನಿಯ ಹಾಗೆ ಅವಳೂ ನಿಮ್ಮ ಬೆನ್ನಿಗೆ ನಿಂತಿದ್ದಾಳೆ ಎಂದುಕೊಂಡಿದ್ದೇನೆ.

ನಿಮ್ಮ
ಪ್ರತಿಮಾ

•

ಝುವಾರಿನಗರ
12 ಏಪ್ರಿಲ್ 2025

ಪ್ರತಿಮಾ ಮೇಡಮ್,

ನೀವು ಹೇಳಿದಂಗ ಮುರುಗೆವ್ವನ್ನ ಕರದೆ. ಪರ್ವರಿಯಿಂದ ಎರಡು ಬಸ್ ಬದಲಿ ಮಾಡಿ ಬಂದಳು. ನಾ ಮೆಸ್ಸಿಗೆ ರಜಾ ಹಾಕಿ ಮಂಡಕ್ಕಿ ಒಗ್ಗರಣಿ ಹಾಕಿದ್ದೆ, ಮಿರ್ಚಿ ಕರದಿದ್ದೆ. ಬಾಜೂಮನಿಯವರೂ ಬಂದು ಕುಂತ್ರು. ಶೈಲಾನೂ ತಾನು ಕೆಲಸ ಮಾಡೂ ಅಂಗಡಿಯಿಂದ ಲಗೂನ ಬಂದಿದ್ದಳು. ನನ್ನ ಮನಿ ಹಬ್ಬದಂಗ ಆಗಿತ್ತು.

ಧಾರಿ ಶುರು ಆತು. ಆ ಮುದುಕಿ ಬಂದು ಸರಸ್ವತಮ್ಮನ್ನ ತಡದಳು. ನಾ ಎದಿ ಹಿಡಕೊಂಡು ಕುಂತೆ, ಈಗ ಮಂದಾಕಿನಿ ಏಳತಾಳ, ಈಗ ಏಳತಾಳ ಅಂತ. ಮಂದಾಕಿನಿ ಏಳಲಿಲ್ಲ. ಸರಸ್ವತಮ್ಮನ ತಾನ ಹಿಂದ ಸರದು ಕಂಬದ ಹಿಂದ ಹೋಗಿ ನಿಂತಳು. ಸೆರಗು ಬಾಯಿಗೆ ಹಿಡಕೊಂಡು, ಅಲ್ಲಿಂದನ ಅಕ್ಕಿಕಾಳು ಒಗದಳು. ಆಮ್ಯಾಲ ಆ ಮಾತು. "ಮಗಳ ಸುಖ ಕಾಣಿಸಿದರೆ ಸಾಕು, ತಾಯಿ ಎಲ್ಲಿ ನಿಂತಿದ್ದಾಳೆ ಅನ್ನೋದನ್ನ ಯಾರೂ ನೋಡಬಾರದು. ತಾಯಿ ಕೂಡ ನೋಡಿಕೊಳ್ಳಬಾರದು."

ಮುರುಗೆವ್ವ ಕಣ್ಣೊರಸಿಕೊಂಡಳು. ನನ್ನ ಮೊಣಕಾಲು ತಟ್ಟಿ, "ನೋಡವಾ ಬಾಳಮ್ಮ, ಎಷ್ಟು ದೊಡ್ಡ ಮನಸು ಆಕಿದು" ಅಂದಳು. ಇದನ್ನ ತೋರಸಾಕ ನಾನ ಆಕಿನ್ನ ಕರದೇನಿ ಅಂತ ತಿಳಕೊಂಡಾಳ. ಹೋಗೂ ಮುಂದ ನನ್ನ ಕೈ ಹಿಡದು, ನಿಮ್ಮ ಮನಸು ತಿಳಕೊಳ್ಳದ ನಾ ಏನೇನರ ಮಾತಾಡಿದ್ದೆ, ಹೊಟ್ಟ್ಯಾಗ ಹಾಕ್ಕೊರ್ರಿ ಅಂದಳು. ನಾ ಹಿಂದ ನಿಂದರಾಕ ಒಪ್ಪೇನಿ ಅಂತ ಪರ್ವರಿಗೆ ಹೋಗಿ ಹೇಳ್ಯಾಳ.

ಆ ಮಾತು ಬರದಾಕಿ ನೀವ ಅಲ್ಲ? ಭಾಳ ಚಲೋ ಬರದೀರಿ. ಅದಕ್ಕ ನನಗ ಸಿಟ್ಟು. ಕೆಟ್ಟದಾಗಿ ಬರದಿದ್ರ ಮಂದಿ ಮರತುಬಿಡತಿದ್ರು. ಒಬ್ಬಾಕಿನ್ನ ಅವಮಾನ ಮಾಡಿ ಹಿಂದ ದಬ್ಬಿ, ಆಮ್ಯಾಲ ಆಕಿ ಬಾಯಾಗ ಬಂಗಾರದಂಥಾ ಮಾತಿಟ್ಟು, ಎಲ್ಲಾರೂ ಅಳೂ ಹಂಗ ಮಾಡೀರಿ. ಅತ್ತವರು ಮನಿಗೆ ಹೋಗಿ ತಮ್ಮ ಮನ್ಯಾಗಿನ ಗಂಡ ಸತ್ತಾಕಿಗೆ ಕಂಬ ತೋರಸತಾರ. ಆಕಿ ಇನ್ನ ಸಿಟ್ಟೂ ಮಾಡಾಂಗಿಲ್ಲ, ಯಾಕಂದ್ರ ಸಿಟ್ಟು ಮಾಡಿದ್ರ ಸಣ್ಣ ಮನಸಿನಾಕಿ ಆಗತಾಳ.

ನೀವು ಸುಮ್ಮನ ಇದ್ದಿದ್ರೂ ಚಲೋ ಇತ್ತು. ಕರದು ಕುಂಡ್ರಸಿ ತೋರಸ್ರಿ ಅಂತ ಯಾಕ ಬರದ್ರಿ?

ಬಾಳಮ್ಮ

•

ಬೆಂಗಳೂರು
19 ಏಪ್ರಿಲ್ 2025

ಬಾಳಮ್ಮನವರೇ,

ನಿಮಗೆ ಮುಂಚೆಯೇ ತಿಳಿಸಬೇಕಿತ್ತು. ಪ್ರಸಾರಕ್ಕೆ ಸ್ವಲ್ಪ ಮುಂಚೆ ವಾಹಿನಿಯವರು ದೃಶ್ಯ ಬದಲಿಸಲು ಹೇಳಿದರು. ಮದುವೆಯ ಸಂಚಿಕೆ ಕುಟುಂಬವೆಲ್ಲ ಕೂತು ನೋಡುವಂಥದ್ದು, ಅದರಲ್ಲಿ ಜಗಳ ಬೇಡ, ಕಣ್ಣೀರು ಇರಲಿ ಅಂದರು. ನಾನು ವಾದ ಮಾಡಿದೆ. ಬರೆಯದೇ ಹೋದರೆ ಬೇರೆಯವರು ಬರೆಯುತ್ತಾರೆ, ಅವರು ಸರಸ್ವತಮ್ಮನನ್ನು ಇನ್ನೂ ದೀನಳನ್ನಾಗಿ ಮಾಡುತ್ತಾರೆ ಎಂದು ಗೊತ್ತಿತ್ತು. ಹಾಗಾಗಿ ಇದ್ದುದರಲ್ಲಿ ಅವಳಿಗೆ ಗೌರವ ಬರುವ ಹಾಗೆ ಬರೆದೆ. ಎಷ್ಟೋ ತಾಯಂದಿರು ಫೋನ್ ಮಾಡಿ ಅತ್ತಿದ್ದಾರೆ. ಅವರೆಲ್ಲರ ಅಳು ಸುಳ್ಳೇ?

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನನಗೂ ಸಿಟ್ಟು ಬಂದಿದೆ, ಹೇಳಿಬಿಡುತ್ತೇನೆ. ಮುರುಗೆವ್ವ ನಿಮ್ಮ ಮನೆಗೆ ಬಂದು ಮಾತಾಡಿದಾಗ ನೀವು ಅವರ ಎದುರು ಆಗುವುದಿಲ್ಲ ಎಂದಿರಾ? ನೀವು ಬರೆದಿಲ್ಲ. ಬಹುಶಃ ಅನ್ನಲಿಲ್ಲ. ನಿಮ್ಮ ಬೀಗರಿಗೆ, ನಿಮ್ಮ ಮಗಳಿಗೆ ನೀವು ಹೇಳಲಾಗದ್ದನ್ನು ನಾನು ಇಲ್ಲಿ ಕೂತು ಟಿವಿಯಲ್ಲಿ ಹೇಳಿಸಬೇಕು, ಹೇಳಿಸದಿದ್ದರೆ ನಾನು ತಪ್ಪಿತಸ್ಥೆ. ನಾನು ಒಂದು ಧಾರಾವಾಹಿಗೆ ಸಂಭಾಷಣೆ ಬರೆಯುವವಳು. ನಿಮ್ಮ ಮನೆಯ ಪಂಚಾಯಿತಿ ಮಾಡುವವಳಲ್ಲ.

ಕಠಿಣವಾಯಿತೇನೋ. ಶೈಲಾಳ ಮದುವೆ ಚೆನ್ನಾಗಿ ನಡೆಯಲಿ.

ಪ್ರತಿಮಾ

•

ಝುವಾರಿನಗರ
14 ಮೇ 2025

ಪ್ರತಿಮಾ ಅವರಿಗೆ,

ಲಗ್ನ ಆತು. ಹೆಂಗ ಆತು ಅಂತ ನಿಮಗ ಹೇಳಬೇಕು.

ನಿಮ್ಮ ಪತ್ರದಾಗ ಒಂದು ಮಾತು ನನಗ ಚುಚ್ಚಿತು, "ನಿಮ್ಮ ಮಗಳಿಗೆ ನೀವು ಹೇಳಲಾಗದ್ದು" ಅನ್ನೂದು. ನೀವು ಸುಮ್ಮನ ಸಿಟ್ಟಿಲೆ ಬರದಿದ್ರಿ. ಆದ್ರ ಅದು ಖರೇ ಇತ್ತು. ಶೈಲಾ ಏನಂತಾಳ ಅಂತ ಮೊದಲೂ ಒಮ್ಮೆ ಕೇಳಿದ್ರಿ, ನಾ ಉತ್ತರ ಬರೀಲಿಲ್ಲ. ಈಗ ಬರೀತೇನಿ.

ಮುರುಗೆವ್ವ ಮೊದಲನೇ ಸಲ ಬಂದು ಹೋದ ದಿನಾನ ಶೈಲಾ ನನಗ ಅಂದಿದ್ದಳು, "ಒಂದಿನ ಸುಮ್ಮನಿರವ್ವ. ಒಂದಿನದ್ದು." ನಾ ಸುಮ್ಮನಾದೆ. ಮುರುಗೆವ್ವಗ ಎದುರು ಮಾತಾಡಾಕ ನನಗ ಅಂಜಿಕಿ ಇದ್ದಿದ್ದಿಲ್ಲ. ನನ್ನ ಬಾಯಿ ಕಟ್ಟಿದಾಕಿ ನನ್ನ ಮಗಳು. ಅದಕ್ಕ ನಿಮಗ ಬರದೆ. ಸರಸ್ವತಮ್ಮ ಆರತಿ ಮಾಡಿದ್ರ ಮುರುಗೆವ್ವ ಒಪ್ಪಲಿ ಬಿಡಲಿ, ನನ್ನ ಮಗಳರ ನೋಡತಾಳ ಅಂತ. ಮಂದಾಕಿನಿ ಏಳತಾಳ ಅಂತ ನೀವು ಬರದ ಮ್ಯಾಲ, ಅದನ್ನ ನೋಡಿ ಈಕಿನೂ ಏಳತಾಳೇನೋ ಅಂತ ಕಾದೆ.

ಆ ಕಂಬದ ಸಂಚಿಕಿ ಆದ ಮರದಿನ, ನಾ ಆಕಿಗೆ ಹೇಳಿದೆ. "ಶೈಲಾ, ಯಾರರ ಏನರ ಅನ್ನಲಿ. ನಿನ್ನ ಲಗ್ನದಾಗ ಆರತಿ ಮಾಡಾಕಿ ನಾನ."

ಆಕಿ ಸೀರಿ ಮಡಚಾಕತ್ತಿದ್ದಳು. ನನ್ನ ಕಡೆ ನೋಡದ ಅಂದಳು, "ಮಗಳ ಸುಖ ಕಾಣಿಸಿದ್ರ ಸಾಕವ್ವ. ತಾಯಿ ಎಲ್ಲಿ ನಿಂತಾಳ ಅಂತ ಯಾಕ ನೋಡಬೇಕು?"

ನಿಮ್ಮ ಮಾತು. ನನ್ನ ಮಗಳ ಬಾಯಿಲೆ, ನನಗ.

ಆಕಿ ನನ್ನ ಜೋಡಿ ಹಂಗ ಎಂದೂ ಮಾತಾಡಿದಾಕಿ ಅಲ್ಲ. ಜಗಳ ಆಡತಿದ್ದಳು, ಬೈತಿದ್ದಳು, ಅತ್ತು ಕರದು ಮಾಡತಿದ್ದಳು. ಅದೆಲ್ಲಾ ಆಕಿದ ಮಾತು. ಇದು ಎರವಿನ ಮಾತು. ಇದಕ್ಕ ನಾ ಏನಂತ ಎದುರು ಹೇಳಲಿ? ಬ್ಯಾಡ ಅಂದ್ರ ಮಗಳ ಸುಖ ಬ್ಯಾಡ ಅಂದಂಗ. ನೀವು ನನಗ ಹೊಳ್ಳಿ ಮಾತಾಡಾಕ ಜಾಗಾನ ಉಳಿಸಿದ್ದಿಲ್ಲ.

ಲಗ್ನ ನಮ್ಮ ಗುಡಿ ಹಿಂದಿನ ಹಾಲ್‌ದಾಗ ಇತ್ತು. ಮುಂಜಾನೆ ಎಲ್ಲಾರೂ ನನ್ನ ಅಡಿಗಿ ಕಡೆ ಕಳಿಸಿದ್ರು. ಸಾರಿಗೆ ಉಪ್ಪು ನೋಡು, ಹುಗ್ಗಿ ತಳ ಹತ್ತತೈತಿ ನೋಡು ಅಂತ. ನಾ ಹೋದೆ. ವರನ ಕಡೆಯವರು ಬಂದ್ರು, ಬಾಜಾ ಕೇಳಿಸಿತು. ಹುಗ್ಗಿ ಕೈಯ್ಯಾಡಿಸಿಕೋತ ನಿಂತಾಕಿ, ಒಮ್ಮೆಕ್ಕಲೆ ನನಗ ಅನಿಸಿತು, ಇದ ಕಂಬ. ಅಡಿಗಿಮನಿ ಅಂತ ಹೆಸರಷ್ಟ ಬ್ಯಾರೆ.

ಸೌಟು ಇಟ್ಟು ಕೈ ತೊಳಕೊಂಡು ಬಾಗಲಕ್ಕ ಬಂದೆ. ನನ್ನ ತಮ್ಮನ ಹೆಂಡ್ತಿ ಆರತಿ ತಾಟು ಹಿಡಕೊಂಡು ನಿಂತಿದ್ದಳು. ನಾ ಕೈ ಚಾಚಿದೆ. ಆಕಿ ತಡ ಮಾಡದ ಕೊಟ್ಟಳು. ನನಗಿಂತ ಆಕಿಗೆ ಹಗುರಾದಂಗ ಆತು.

ಮುರುಗೆವ್ವ ಮುಂದ ಬಂದಳು. "ಬಾಳಮ್ಮ, ಇದೇನಿದು? ಒಪ್ಪಿದ್ರಲ್ಲ ನೀವು?"

"ನಾ ಒಪ್ಪಿದ್ದಿಲ್ಲರಿ. ನೀವು ಟಿವಿ ನೋಡಿ ತಿಳಕೊಂಡ್ರಿ" ಅಂದೆ.

ಆಕಿ ಲಗ್ನ ಮಾಡಸಾಕ ಬಂದಿದ್ದ ಅಯ್ಯನವರ ಕಡೆ ತಿರಗಿದಳು. ಅಡಿವೆಯ್ಯನವರು ವಯಸ್ಸಾದವರು, ಯಾರನ್ನೂ ಎದುರು ಹಾಕ್ಕೊಳ್ಳಾಂಗಿಲ್ಲ. "ಮಂತ್ರ ಹೇಳೂದು ನನ್ನ ಕೆಲಸರಿ. ತಾಟು ಯಾರು ಹಿಡೀಬೇಕು ಅನ್ನೂದು ನೀವ ಮಾತಾಡ್ಕೊರ್ರಿ" ಅಂತ ಹೇಳಿ ಚಷ್ಮಾ ಒರಸಿಕೋತ ಕುಂತ್ರು.

ನಾ ಮಾಂತೇಶಗ ಹೇಳಿದೆ. "ಅಪ್ಪಾ, ನಿಮ್ಮ ಮಾವ ಇದ್ದಿದ್ರ ಇಬ್ಬರೂ ಕೂಡಿ ನಿಂದರತಿದ್ದಿವಿ. ಅವ ಇಲ್ಲ. ನಾ ಅದೇನಿ. ನನ್ನ ಕೈಲೆ ಆರತಿ ಮಾಡಿಸಿಕೊಳ್ಳಾಕ ನಿನಗ ಮನಸಿಲ್ಲ ಅಂದ್ರ ಈಗ ಹೇಳು, ತಾಟು ಕೆಳಗ ಇಟ್ಟು ಹೋಗತೇನಿ. ದೊಡ್ಡವ್ವನ ಮಾರಿ ನೋಡಿ ಹೇಳಬ್ಯಾಡ. ನಿನ್ನ ಕೇಳಾಕತ್ತೇನಿ."

ಅವ ದೊಡ್ಡವ್ವನ ಮಾರಿ ನೋಡಿದ. ನೋಡೇ ನೋಡಿದ. ಬಾಜಾದವರೂ ನಿಂದರಿಸಿದ್ರು. ಆಮ್ಯಾಲ ತಲಿ ಬಗ್ಗಿಸಿ ನನ್ನ ಮುಂದ ನಿಂತ. ನಾ ಆರತಿ ಮಾಡಿದೆ. ದೀಪ ಆರಲಿಲ್ಲ.

ಮುರುಗೆವ್ವ ಮತ್ತ ಆಕಿ ಜೋಡಿ ಬಂದ ನಾಕು ಮಂದಿ ಧಾರಿ ಮುಗಿಯೂತನಕ ಕುಂತು, ಊಟ ಮಾಡದ ಎದ್ದು ಹೋದ್ರು. ಆಕಿ ಹೋಗೂದು ನೋಡಿ ನನಗ ಗೆದ್ದಂಗ ಅನಿಸಲಿಲ್ಲ. ತಾಯಿ ಇಲ್ಲದ ಕೂಸನ್ನ ಬೆಳಿಸಿದಾಕಿ, ಅದರ ಲಗ್ನದ ಅನ್ನ ಉಣ್ಣದ ಹೋದಳು.

ಶೈಲಾ ಒಳಗ ಕುಂತು ಎಲ್ಲಾ ಕೇಳಿಸಿಕೊಂಡಿದ್ದಳು. ಹಿರಿಯರಿಗೆ ನಮಸ್ಕಾರ ಮಾಡೂ ಮುಂದ ನನ್ನ ಕಾಲು ಮುಟ್ಟಿದಳು, ಮಾರಿ ಎತ್ತಲಿಲ್ಲ. ಪರ್ವರಿಗೆ ಹೋಗೂ ಗಾಡಿ ಹತ್ತೂ ಮುಂದ "ಬರತೇನವ್ವ" ಅಂತ ಅನ್ನಲಿಲ್ಲ. ಅವತ್ತಿಂದ ಫೋನ್ ಇಲ್ಲ. ನಾ ಮಾಡಿದ್ರ ಮಾಂತೇಶ ಎತ್ತತಾನ, ಆಕಿ ಮಕ್ಕೊಂಡಾಳ ಅಂತಾನ, ಆಕಿ ಸ್ನಾನಕ್ಕ ಹೋಗ್ಯಾಳ ಅಂತಾನ. ನಿಮ್ಮ ಮೀಟಿಂಗ್ ಇದ್ದಂಗ.

ಈಗ ಹೇಳ್ರಿ, ಸರಸ್ವತಮ್ಮ ಶಾಣ್ಯಾಕಿ ಇದ್ದಳೇನು? ಕಂಬದ ಹಿಂದ ನಿಂತಾಕಿಗೆ ಮಗಳು ಉಳದಳು. ನನಗ ತಾಟು ಉಳೀತು.

ಬಾಳಮ್ಮ

•

ಬೆಂಗಳೂರು
26 ಮೇ 2025

ಬಾಳಮ್ಮಾರ,

ನಿಮ್ಮ ಪತ್ರ ಓದಿದ ಮ್ಯಾಲ ಆಫೀಸಿನ ಕನ್ನಡದಾಗ ಉತ್ತರ ಬರಿಯಾಕ ಆಗವಲ್ದು. ನಮ್ಮ ಮನಿ ಮಾತಿನ್ಯಾಗ ಬರೀತೇನಿ. ಭಾಳ ವರ್ಷ ಆತು, ತಪ್ಪಿದ್ರ ತಿದ್ದಿ ಓದ್ರಿ.

ಛತ್ರಿ ಕೆಳಗ ಕುಂತಾಕಿ ನಾನ. ನೋಡಿದ್ದೂ ಖರೇ. ವ್ಯಾನ್ ಅಂತ ಬರದದ್ದು ಸುಳ್ಳು. ಅದಕ್ಕ ಕಾರಣ ಏನೂ ಇಲ್ಲರಿ. ಬಾಯಿ ತಗದ್ರ ಶೂಟಿಂಗ್ ನಿಂದರತಿತ್ತು, ಅಷ್ಟ.

ಆ ಸಾಲು ಶೈಲಾನ ಬಾಯಿಲೆ ಬಂತು ಅಂತ ನೀವು ಬರದದ್ದನ್ನ ಓದಿ, ಪತ್ರ ಮಡಚಿ ಇಟ್ಟೆ. ನಮ್ಮ ಆಫೀಸಿನ್ಯಾಗ ಆ ಸಾಲನ್ನ ದೊಡ್ಡ ಅಕ್ಷರದಾಗ ಬರದು ಗ್ವಾಡಿಗೆ ಅಂಟಿಸ್ಯಾರ. ದಿನಾ ಅದರ ಮುಂದ ಕುಂತು ಬರೀತೇನಿ. ಅವರು ಅಭಿಮಾನದಿಂದ ಅಂಟಿಸಿದ್ದು, ಕಿತ್ತಾಕ ಬರೂದಿಲ್ಲ.

ಒಂದು ವಿಷಯ ಕೇಳಬೇಕಾಗೇತಿ. ಮಂದಾಕಿನಿ ಲಗ್ನ ಮುಗದ ಮ್ಯಾಲ ಸೀರಿಯಲ್ ನೋಡೂ ಮಂದಿ ಕಡಿಮಿ ಆಗ್ಯಾರ. ಏನರ ಹೊಸದು ತರ್ರಿ ಅಂತ ಮ್ಯಾಲಿನವರು ನನ್ನ ಬೆನ್ನ ಹತ್ಯಾರ. ಮಂದಾಕಿನಿಯ ನಾದಿನಿ ಲಗ್ನ ಬರತೈತಿ. ನಿಮ್ಮ ಹಾಲಿನ ಬಾಗಲದಾಗ ಆದದ್ದನ್ನ, ಆದಂಗ, ಅಲ್ಲಿ ತರಬೇಕು ಅಂತ ನನ್ನ ಆಸೆ. ಹುಗ್ಗಿ, ಸೌಟು, ಅಯ್ಯನವರು, ವರ ತಲಿ ಬಗ್ಗಿಸಿದ್ದು, ಎಲ್ಲಾ. ಈ ಸಲ ಅವರು ಬ್ಯಾಡ ಅನ್ನೂದಿಲ್ಲ, ಅವರಿಗೂ ಬೇಕಾಗೇತಿ. ಆದ್ರ ನಿಮ್ಮನ್ನ ಕೇಳದ ಬರಿಯೂದಿಲ್ಲ. ನೀವು ಹೂಂ ಅಂದ್ರ ಬರೀತೇನಿ. ಶೈಲಾನೂ ನೋಡಬಹುದು.

ಶೈಲಾ ಬಂದಳೇನ್ರಿ?

ಪ್ರತಿಮಾ

•

ಝುವಾರಿನಗರ
3 ಆಗಸ್ಟ್ 2025

ಪ್ರತಿಮಾ,

ಉತ್ತರ ತಡ ಆತು. ಬರಿಯಾಕ ಏನೂ ಇದ್ದಿದ್ದಿಲ್ಲ, ಅದಕ್ಕ ಬರೀಲಿಲ್ಲ. ನಿನ್ನ ಮಾತು ತಪ್ಪಿಲ್ಲ, ಬರದದ್ದೆಲ್ಲಾ ತಿಳೀತು. ನಮ್ಮ ಮಾತಿನ್ಯಾಗ ಬರದಾಕಿಗೆ ರೀ ಹಚ್ಚಿ ಬರಿಯೂದು ನನಗ ಆಗೂದಿಲ್ಲ. ನೀ ನನಗಿಂತ ಸಣ್ಣಾಕಿ.

ಪಂಚಮಿಗೆ ಮಗಳನ್ನ ತವರಿಗೆ ಕರಕೊಂಡು ಬರೂದು ನಮ್ಮ ಪದ್ಧತಿ. ಕರಿಯಾಕ ಹೋಗಲೋ ಬ್ಯಾಡೋ ಅಂತ ಒದ್ದಾಡಿದೆ. ಉಂಡಿ ಕಟ್ಟಿ ಇಟ್ಟು ಸುಮ್ಮನ ಕುಂತೆ. ಹಬ್ಬದ ದಿನ ಜೋರು ಮಳಿ. ಮಧ್ಯಾಹ್ನ ಆಕಿನ ಬಂದಳು, ಒಬ್ಬಾಕಿನ, ಬಸ್ಸಿನ್ಯಾಗ. ಚಪ್ಪಲಿ ಕೆಂಪು ರಾಡಿ ಆಗಿತ್ತು. ಬಾಗಲದಾಗ ನಿಂತು "ನೀರು ಕೊಡವ್ವ, ಕಾಲು ತೊಳಕೊತೇನಿ" ಅಂದಳು.

ಉಂಡಿವಿ. ಆಕಿ ಪಾತ್ರಿ ತಿಕ್ಕಿದಳು, ನಾ ಒರಸಿದೆ. ನಾ ಏನೂ ಕೇಳಲಿಲ್ಲ. ತಿಕ್ಕಿಕೋತನ ಆಕಿ ಅಂದಳು.

"ಅವ್ವ, ಅವತ್ತ ನನಗ ನಾಚಿಕಿ ಆಗಿದ್ದಿಲ್ಲ. ನೀ ಹಂಗ ತಿಳಕೊಂಡೀ. ನನಗ ಅಂಜಿಕಿ ಆಗಿತ್ತು."

"ಮುರುಗೆವ್ವನ ಅಂಜಿಕಿ?"

"ಅಲ್ಲ. ಮಾಂತೇಶ ದಿನಾ ಕರೆಂಟಿನ ಕೆಲಸ ಮಾಡಾಂವ. ನಾಳೆ ಅವಗ ಏನರ ಆದ್ರ ಎಲ್ಲಾರೂ ನಿನ್ನ ಅಂತಾರ, ಬಾಳಮ್ಮನ ಆರತಿ ಅಂತಾರ. ಅನ್ನಲಿ. ಮಂದಿ ಅನ್ನೂದಕ್ಕ ನಾ ಅಂಜಿದ್ದಿಲ್ಲ." ಆಕಿ ನಳ ಬಂದ್ ಮಾಡಿದಳು. "ನಾನೂ ನಿನಗ ಹಂಗ ಅಂತೇನೇನೋ ಅಂತ ಅಂಜಿದ್ದೆ ಅವ್ವ. ಒಳಗಿಂದೊಳಗ. ನಿನ್ನ ಮಾರಿ ನೋಡಿದಾಗೆಲ್ಲಾ ಅದ ನೆನಪು ಬರತಿತ್ತು. ಅದಕ್ಕ ಬರಲಿಲ್ಲ."

ಇಷ್ಟು ತಿಂಗಳ ನಾ ಯಾರ್ಯಾರ ಮ್ಯಾಲ ಸಿಟ್ಟು ಮಾಡೇನಿ. ಕುಬೇರನ ಮ್ಯಾಲ, ನಿನ್ನ ಮ್ಯಾಲ, ಮುರುಗೆವ್ವನ ಮ್ಯಾಲ, ಹೊಟ್ಟ್ಯಾಗ ಹುಟ್ಟಿದಾಕಿ ಮ್ಯಾಲ. ಸಿಟ್ಟು ಇನ್ನೂ ಐತಿ, ಹೋಗಿಲ್ಲ. ಆದ್ರ ಈ ಹುಡುಗಿ ಇದನ್ನ ಹೊಟ್ಟ್ಯಾಗ ಇಟಗೊಂಡು ಒಬ್ಬಾಕಿನ ತಿರಗತಿದ್ದಳು ಅಂತ ನನಗ ಹೊಳದಿದ್ದಿಲ್ಲ.

ನಾ ಅಂದೆ, "ಅನ್ನೂದಾದ್ರ ಅನ್ನು. ನನ್ನ ಮುಂದ ನಿಂತು ಅನ್ನು, ನಾ ತಡಕೊತೇನಿ. ಬರದ ಇರಬ್ಯಾಡ."

ಆಕಿ ಕೈ ಒರಸಿಕೊಂಡು ನನ್ನ ಬಾಜೂಕ ಬಂದು ಕುಂತಳು. ರಾತ್ರಿ ಇದ್ದು ಮರದಿನ ಹೋದಳು. ಗಾಡಿ ಹತ್ತೂ ಮುಂದ "ಬರತೇನವ್ವ" ಅಂದಳು. ಮುರುಗೆವ್ವ ಇನ್ನೂ ಮಾತಾಡೂದಿಲ್ಲ. ಆಕಿಗೂ ಒಂದು ಡಬ್ಬಿ ಉಂಡಿ ಕಟ್ಟಿ ಕಳಿಸೇನಿ. ತಿಂತಾಳೋ ಒಗೀತಾಳೋ ಆಕಿಗೆ ಬಿಟ್ಟದ್ದು.

ಈಗ ನೀ ಕೇಳಿದ್ದಕ್ಕ ಉತ್ತರ. ಬ್ಯಾಡ. ಬರೀಬ್ಯಾಡ. ಬಾಗಲದಾಗ ಆದದ್ದನ್ನೂ ಬರೀಬ್ಯಾಡ, ಈಗ ಹೇಳಿದ್ದನ್ನೂ ಬರೀಬ್ಯಾಡ. ಸರಸ್ವತಮ್ಮನ ಕೈಲೆ ಮಾಡಸ್ರಿ ಅಂತ ನಾ ಕಾಲು ಹಿಡದಂಗ ಕೇಳಿದಾಗ ನಿಮಗ ಅದು ಜಗಳ ಆಗಿತ್ತು. ಈಗ ನೋಡೂ ಮಂದಿ ಕಡಿಮಿ ಆದ್ರು ಅಂತ ನನ್ನ ಹುಗ್ಗಿ ಸೌಟು ಬೇಕಾಗೇತಿ. ನಾ ಕೊಡೂದಿಲ್ಲ. ಗ್ವಾಡಿ ಮ್ಯಾಲಿನ ಆ ಸಾಲು ಕಿತ್ತಾಕ ಬರೂದಿಲ್ಲ ಅಂದೀ. ಕೈಯ್ಯಾಗ ಪೆನ್ನು ಐತಿ, ಅದರ ಕೆಳಗ ನಿಂದೇನರ ಬರಿ. ಅದು ನಿನ್ನ ಕೆಲಸ, ನಂದಲ್ಲ.

ಸಿಟ್ಟಿಲೆ ಅಷ್ಟ ಬ್ಯಾಡ ಅನ್ನಾಕತ್ತಿಲ್ಲ. ನನ್ನ ಮಗಳು ಒಂದು ಮಾತು ಬಾಯಿಗೆ ತರಾಕ ಎಷ್ಟು ತಿಂಗಳ ಸುಮ್ಮನ ಇದ್ದಳು, ನಾನೂ ಸುಮ್ಮನ ಇದ್ದೆ. ನಿಮ್ಮ ಸೀರಿಯಲ್‌ದಾಗ ಯಾರಿಗೂ ಅಷ್ಟು ಹೊತ್ತು ಸುಮ್ಮನ ಇರಾಕ ಬಿಡೂದಿಲ್ಲ. ಅಷ್ಟರಾಗ ಜಾಹೀರಾತು ಬಂದುಬಿಡತಾವು.

ಬಾಳಮ್ಮ